ಸೋಮವಾರದ ತಾಲೀಮು

"ಮಡಕೆ ಕೊಡೋ ಇಲ್ಲಿ," ಎಂದು ಚಿಕ್ಕಬೀರಯ್ಯ ಅಣ್ಣನ ಮಗನ ಹೆಗಲಿಗೆ ಕೈ ಹಾಕಿದ. ಗಂಗರಾಜು ಕೊಡಲಿಲ್ಲ. ನಲವತ್ತರ ಗಂಡಸು, ನೀರು ತುಂಬಿದ ಮಡಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅವ್ವನ ಗುಂಡಿಯ ಪಕ್ಕ ನಿಂತೇ ಇದ್ದ. ಆಗತಾನೆ ಮಣ್ಣು ಮುಚ್ಚಿದ್ದರು.

ಗಂಗರಾಜುವಿಗೆ ಮಾತು ಬಂದದ್ದೇ ಏಳನೇ ವರ್ಷಕ್ಕೆ. ಎಣಿಸುವುದು ಬರಲೇ ಇಲ್ಲ. ಬಸ್ಸು ಹತ್ತಿಸಿದರೆ ಎಲ್ಲಿ ಇಳಿಯಬೇಕೆಂದು ಇವತ್ತಿಗೂ ತಿಳಿಯದು. ಇಂಥವನಿಗೆ ಮಡಕೆ ಹೊರಿಸಿದರೆ ಅರ್ಧಕ್ಕೇ ಎತ್ತಿಹಾಕುತ್ತಾನೆ, ಅತ್ತಿಗೆಗೆ ಸದ್ಗತಿಯಿಲ್ಲ ಎಂಬುದು ಚಿಕ್ಕಬೀರಯ್ಯನ ವಾದ. ವಾದದ ಹಿಂದೆ ಇನ್ನೊಂದಿತ್ತು. ತಿಥಿ ಮುಗಿಯುತ್ತಿದ್ದಂತೆ ಇವನನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸುವುದೆಂದು ಅವನು ಬೆಳಿಗ್ಗೆಯೇ ನಾಲ್ಕು ಜನರ ಮುಂದೆ ಹೇಳಿಯಾಗಿತ್ತು. ಹೆತ್ತವಳಿಗೆ ಮಡಕೆ ಹೊರಲಾಗದವನು ಮನೆಯಲ್ಲಿದ್ದೇನು ಮಾಡುತ್ತಾನೆ ಎಂದರೆ ಯಾರು ತಾನೇ ಎದುರಾಡುತ್ತಾರೆ?

ಗಂಗರಾಜುವಿನ ತಂಗಿ ರಮ್ಯ ಮುಂದೆ ಬಂದಳು. ಬೆಳಿಗ್ಗೆಯಿಂದ ಅತ್ತು ಕಣ್ಣು ಊದಿತ್ತು.

"ಕೈ ತೆಗಿ ಚಿಕ್ಕಪ್ಪ. ಅವ್ನಿಗೆ ಬತ್ತದೆ."

"ಏನವ್ವ ಬತ್ತದೆ? ಯಾರ್ ಕಲ್ಸವ್ರೆ?"

"ಅವ್ವನೇ ಕಲ್ಸವ್ಳೆ."

ಅದು ಊರಿಗೇ ಗೊತ್ತಿದ್ದ ಸಂಗತಿ. ಚಿಕ್ಕಬೀರಯ್ಯ ಗೊಣಗುತ್ತ ಕೈ ತೆಗೆದ.

*

ಗಂಗರಾಜುವಿನ ಅವ್ವ ಕೃಷ್ಣಮ್ಮನಂಥ ಹಟಮಾರಿ ಸೋಲೂರು ಹೋಬಳಿಗೇ ಇನ್ನೊಬ್ಬಳಿರಲಿಲ್ಲ. ರಮ್ಯಳನ್ನು ನೋಡಲು ಗಂಡಿನವರು ಬಂದರೆ ಮೊದಲು ಗಂಗರಾಜುವನ್ನು ತಂದು ಎದುರಿಗೆ ಕೂರಿಸುವಳು. ನನ್ನ ಕಾಲ ಆದಮೇಲೆ ಇವನೂ ನಿಮ್ಮವನೇ, ಒಪ್ಪಿಗೆಯಿದ್ದರೆ ಕಾಫಿ ಕುಡಿಯಿರಿ ಎನ್ನುವಳು. ಮೂರು ಕಡೆಯವರು ಲೋಟ ಮುಟ್ಟದೆ ಎದ್ದುಹೋದರು. ನಾಲ್ಕನೆಯವನು ಕುಡಿದ, ಅವನು ಅದೇ ಊರಿನವನು. ಆಮೇಲೆ ರಾಮನಗರದ ಡಿ.ಸಿ. ಆಫೀಸಿಗೆ ಎಂಟು ಸಲ ಅಲೆದು, ತನ್ನ ನಂತರ ಮಗನಿಗೆ ರಮ್ಯಳೇ ಪಾಲಕಿ ಎಂದು ಆದೇಶ ಮಾಡಿಸಿಕೊಂಡು ಬಂದಳು. ತನ್ನ ಕುರಿಗಳನ್ನು ಪಕ್ಕದ ಮನೆಯ ನಾಗಲಕ್ಷ್ಮಮ್ಮನ ಕುರಿಗಳ ಜೊತೆ ಸೇರಿಸಿದಳು. ಹಗಲೆಲ್ಲ ಮಗ ಆ ಮಂದೆಯ ಹಿಂದೆ ಇರಬೇಕು, ಊಟ ನಾಗಲಕ್ಷ್ಮಮ್ಮನ ಮನೆಯಲ್ಲಿ.

ಇಷ್ಟಾದರೂ ಅವಳಿಗೆ ನೆಮ್ಮದಿಯಿಲ್ಲ. ಗಂಡ ಸತ್ತಾಗ ಗಂಗರಾಜುವನ್ನು ಕೋಣೆಯಲ್ಲಿ ಕೂಡಿಹಾಕಿ ಚಿಕ್ಕಬೀರಯ್ಯನೇ ಮಡಕೆ ಹೊತ್ತಿದ್ದ. ಆವತ್ತಿನಿಂದ ಊರಿನವರು ಆ ಹುಡುಗನನ್ನು ಒಂದು ಮದುವೆಗೆ, ಒಂದು ನಾಮಕರಣಕ್ಕೆ ಕರೆದವರಲ್ಲ. ಆ ಉರಿ ಅವಳೊಳಗೆ ಆರಲೇ ಇಲ್ಲ.

ಹಾಗಾಗಿ ಸೋಮವಾರ ಸೋಮವಾರ ಕುರಿಹಟ್ಟಿಯಲ್ಲಿ ತಾಲೀಮು ಶುರುವಾಯಿತು. ಚಾಪೆ ಹಾಸಿ, ಕಾಲು ನೀಡಿ, ಕಣ್ಣು ಮುಚ್ಚಿ ಮಲಗುವಳು. ಗಂಗರಾಜು ಮಡಕೆ ಹೊತ್ತು ಸುತ್ತು ಬರುವನು. ತಪ್ಪಿದರೆ ಹೆಣವೇ ಬಾಯಿಬಿಟ್ಟು ಬಯ್ಯುವುದು. ಬದುಕಿದ್ದಾಗಲೇ ಸಾವನ್ನು ಕರೆಯುತ್ತಾಳೆ, ಮನೆಗೆ ಶನಿ ಹೊಗಿಸುತ್ತಾಳೆ ಎಂದು ನಾಗಲಕ್ಷ್ಮಮ್ಮ ಬೇಲಿಯಾಚೆಯಿಂದ ಶಪಿಸುವಳು, ಆದರೆ ಮುಗಿಯುವ ತನಕ ಬೇಲಿ ಬಿಟ್ಟು ಕದಲಳು. ರಮ್ಯ ಒಂದೇ ಸಲ ನೋಡಿ, ಅರ್ಧಕ್ಕೇ ಎದ್ದುಬಿಟ್ಟಳು.

"ಇದೇನ್ ಹುಚ್ಚವ್ವ ನಿಂಗೆ?"

"ನಾನ್ ಸತ್ತ ದಿನ ನೀನು ಅಳ್ತಾ ಕೂತಿರ್ತೀಯ. ಆಗ ಇವ್ನಿಗೆ ಯಾರ್ ಹೇಳ್ಕೊಡ್ತಾರೆ?" ಎಂದಳು ಕೃಷ್ಣಮ್ಮ, ಕಣ್ಣು ತೆರೆಯದೆ.

*

ಗಂಗರಾಜು ಮಡಕೆಯನ್ನು ಹೆಗಲಿಗಿಟ್ಟು ಗುಂಡಿಯ ಸುತ್ತ ನಡೆದ. ಒಂದೊಂದು ಸುತ್ತಿಗೂ ಹಿರಿಯರೊಬ್ಬರು ಕುಡುಗೋಲಿನ ತುದಿಯಿಂದ ಮಡಕೆಗೆ ತೂತು ಹೊಡೆದರು. ನೀರು ಅವನ ಬೆನ್ನ ಮೇಲೆ ಹರಿಯಿತು. ಎಣಿಕೆ ಬಾರದವನು ಮೂರಕ್ಕೆ ಸರಿಯಾಗಿ ನಿಂತು, ಮಡಕೆಯನ್ನು ಹಿಂದಕ್ಕೆ ಬಿಟ್ಟ. ಅದು ಒಡೆಯಿತು. ರಮ್ಯಳಿಗೆ ಅವ್ವನ ಮೇಲೆ ಎಂದೂ ಇಲ್ಲದ ಹೆಮ್ಮೆ ಉಕ್ಕಿತು.

ಮಡಕೆ ಒಡೆದ ಮೇಲೆ ಯಾರೂ ಹಿಂತಿರುಗಿ ನೋಡಬಾರದು. ಎಲ್ಲರೂ ಊರ ಕಡೆ ಮುಖ ಮಾಡಿ ಹೊರಟರು. ಗಂಗರಾಜು ಹೊರಡಲಿಲ್ಲ. ಗುಂಡಿಯ ಕಡೆ ತಿರುಗಿ, ಬಗ್ಗಿ, ಮಣ್ಣಿನತ್ತ ಬಲಗೈ ಚಾಚಿ ನಿಂತ.

ಓರೆಗಣ್ಣಲ್ಲಿ ಅದನ್ನು ಕಂಡ ಚಿಕ್ಕಬೀರಯ್ಯನ ಗಂಟಲಲ್ಲಿ ಗೆಲುವಿತ್ತು. "ನೋಡ್ದ್ರಾ? ತಿರುಗ್ಬುಟ್ಟ. ಇವ್ನಿಗೇನ್ ಗೊತ್ತಾಯ್ತದೆ? ಆಶ್ರಮಕ್ಕೆ ಕಳ್ಸೋದೇ ಸೈ."

ರಮ್ಯಳಿಗೆ ಒಂದು ಗಳಿಗೆ ಚಿಕ್ಕಪ್ಪನೇ ಸರಿಯೇನೋ ಅನ್ನಿಸಿತು. ಆಗ ಪಕ್ಕದಲ್ಲಿದ್ದ ನಾಗಲಕ್ಷ್ಮಮ್ಮ, ಕತ್ತು ತಿರುಗಿಸದೆಯೇ, ಮೆಲ್ಲಗೆ ಹೇಳಿದಳು.

"ಮಡ್ಕೆ ಒಡುದ್ಮೇಲೆ ನಿಮ್ಮವ್ವ ಮಲಗಿದ್ದಲ್ಲಿಂದ ಕೈ ನೀಡೋಳು ಕಣವ್ವ. ಇವ್ನು ಹಿಡ್ದು ಎಬ್ಬಿಸ್ತಿದ್ದ. ಪ್ರತಿ ಸಲಾನೂವೆ."

ರಮ್ಯ ತಿರುಗಿದಳು. ಬ್ಯಾಡ, ಕೇಡಾಯ್ತದೆ ಎಂದು ಯಾರೋ ಕೂಗಿದರು.

"ಆಗ್ಲಿ," ಎಂದಳು. "ಚಿಕ್ಕಪ್ಪ, ಇವ್ನು ಎಲ್ಗೂ ಹೋಗಕಿಲ್ಲ. ನಮ್ಮನೇಲಿರ್ತಾನೆ."

ಹೋಗಿ ಅಣ್ಣನ ಮುಂದೆ, ಹಸಿ ಮಣ್ಣಿನ ಮೇಲೆ ಕೂತು ಕೈ ನೀಡಿದಳು.

ಗಂಗರಾಜು ಅವಳನ್ನು ನೋಡಿದ. ಗುಂಡಿಯನ್ನು ನೋಡಿದ. "ಅವ್ವ ಏಳ್ಲಿಲ್ಲ," ಎಂದ.

"ಇನ್ ಏಳಕಿಲ್ಲ ಕಣಣ್ಣ. ನನ್ನೆಬ್ಬಿಸು."

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಅವಳ ಕೈ ಹಿಡಿದು ಎಳೆದು ನಿಲ್ಲಿಸಿದ. ಬೆನ್ನ ಹಿಂದೆ ಬಂದು ಮಂಡಿಯೂರಿ, ಅವಳ ಸೀರೆಗೆ ಮೆತ್ತಿದ ಮಣ್ಣನ್ನು ಎರಡೂ ಕೈಯಿಂದ ಕೊಡವತೊಡಗಿದ. ಅವನಿಗೆ ಅವಸರವಿರಲಿಲ್ಲ. ಊರಿಗೆ ಊರೇ ತಿರುಗಿ ನಿಂತು ನೋಡುತ್ತಿತ್ತು.