ಸಣ್ಣ ಸಾವ್ಕಾರರ ತೂಕ

"ಹಿಂದಕ್ಕೆ ಸರೀರೇ ಮುಂಡೇರಾ! ಮೊದ್ಲು ಸಣ್ಣ ಸಾವ್ಕಾರ್ರ ತೂಕ ಆಗ್ಲಿ."

ರೈಟರ್ ಶೇಷಪ್ಪ ಗದರಿದ. ಬೆಳಗಿನಿಂದ ಕಾಫಿ ಹಣ್ಣು ಕೊಯ್ದಿದ್ದ ಹೆಂಗಸರು ಮೂಟೆ ಹೊತ್ತುಕೊಂಡೇ ಸರಿದರು. ಹಣ್ಣು ತೂಗುವ ದೊಡ್ಡ ತಕ್ಕಡಿಯ ಒಂದು ಹಲಗೆಯ ಮೇಲೆ ಸಾವ್ಕಾರನ ಮಗ, ಒಂಬತ್ತು ವರ್ಷದ ನಾಗೇಶ, ಏದುಸಿರು ಬಿಡುತ್ತಾ ಕೂತ. ಅವನನ್ನು ವಾರಕ್ಕೊಮ್ಮೆ ತೂಗಬೇಕೆಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದ್ದರು.

"ಐವತ್ತೆರಡು ಕೆ.ಜಿ., ಅಯ್ಯಾ."

"ಹೋದ್ವಾರ ಐವತ್ತಿತ್ತಲ್ಲೋ!" ಪಕ್ಕದಲ್ಲೇ ನಿಂತಿದ್ದ ಸಾವ್ಕಾರ ಗೊಣಗಿದ. "ಡಾಕ್ಟ್ರು ಚೀಟೀಲಿ ಏನ್ ಬರ್ದಿದಾರೆ, ಓದು."

"ಹಾಲು, ತುಪ್ಪ, ಸಕ್ಕರೆ ಕಡಿಮೆ ಮಾಡಬೇಕು. ಓಡಾಡಿಸಬೇಕು. ಇಲ್ಲದಿದ್ದರೆ ಮುಂದೆ ಎದೆಗೆ ತೊಂದರೆ."

ಹುಡುಗ ಅಳತೊಡಗಿದ.

"ಅಳ್ಬೇಡ ಮಗ, ನಿನ್ ಹಾಲು ಯಾವ ಬೋಳಿಮಗ ನಿಲ್ಲಿಸ್ತಾನೆ?" ಸಾವ್ಕಾರ ಮೀಸೆ ತಿರುವಿ ಯೋಚಿಸಿದ. "ಶೇಷಪ್ಪ, ಕೂಸಿನ ಮನೇಲಿ ಈ ಕೂಲಿಗಳ ಮಕ್ಳು ಕುಡಿಯೋದು ನೋಡೇ ಇವನಿಗೆ ಆಸೆ ಹುಟ್ಟೋದು. ನಾಳೆಯಿಂದ ಅಲ್ಲಿ ಹಾಲು ಬಂದ್. ಅವಕ್ಕೂ ಬೊಜ್ಜು ಬರಬಾರ್ದಲ್ಲ."

"ಉಳಿದ ಹಾಲು?"

"ಬಂಗ್ಲೆಗೆ ಕಳ್ಸು. ಚೆಲ್ಲಿದ್ರೆ ಪಾಪ."

ಮೂಟೆ ಹೊತ್ತು ನಿಂತಿದ್ದ ದೇವೀರಮ್ಮನ ಕಂಕುಳಲ್ಲಿ, ಹಗಲೆಲ್ಲ ಬಿಟ್ಟಿದ್ದ ಕೂಸಿನ ಮನೆಯಿಂದ ಆಗಷ್ಟೇ ಕರೆತಂದ ಮೂರು ವರ್ಷದ ಮಗಳು ತಂಗಮ್ಮ ಇದ್ದಳು. ಕಾಲು ಕಾಫಿ ಕಡ್ಡಿ, ಹೊಟ್ಟೆ ಮಾತ್ರ ಮಡಕೆ. ಮಧ್ಯಾಹ್ನದ ಆ ಒಂದು ಲೋಟ ಬಿಟ್ಟರೆ ಹಾಲಿನ ಬಣ್ಣವನ್ನೇ ಕಾಣದ ಕೂಸು.

"ನನ್ ಕೂಸಿಗೆ ಬೊಜ್ಜು ಎಲ್ಲೈತೆ ತೋರ್ಸಿ, ಅಯ್ಯಾ."

"ಆ ಹೊಟ್ಟೆ ನೋಡೇ ಲೌಡಿ! ಬೊಜ್ಜಲ್ದೆ ಮತ್ತೇನು?"

ದೇವೀರಮ್ಮ ಮೂಟೆಯನ್ನು ದಡಕ್ಕನೆ ನೆಲಕ್ಕೆ ಹಾಕಿದಳು. ತಕ್ಕಡಿಯ ಕಬ್ಬಿಣದ ತೂಕಗಳನ್ನು ಒಂದೊಂದಾಗಿ ಎಸೆದು, ಬರಿದಾದ ಎದುರಿನ ಹಲಗೆಯ ಮೇಲೆ ಕೂಸನ್ನು ಕೂರಿಸಿದಳು. ನಾಗೇಶನ ಹಲಗೆ ನೆಲ ಬಿಡಲಿಲ್ಲ.

"ಅನ್ವರಿ, ನಿನ್ನದನ್ನೂ ತಾರೇ."

ಅನ್ವರಿ ತನ್ನ ಮಗನನ್ನು ಇಟ್ಟಳು. ಸಿದ್ದಗಂಗಮ್ಮ ಎರಡು ಮೊಮ್ಮಕ್ಕಳನ್ನು ತಂದಳು. ಐದನೆಯ ಕೂಸಿಗೆ ಹಲಗೆ ಅಲುಗಿತು. ಆರನೆಯದಕ್ಕೆ ನಾಗೇಶ ಮೇಲೆದ್ದ. ಅಳು ಮರೆತು, ಉಯ್ಯಾಲೆ ಎಂದುಕೊಂಡು, "ಇನ್ನೊಂದು ಹಾಕಿ! ಇನ್ನೊಂದು!" ಎಂದು ಚಪ್ಪಾಳೆ ತಟ್ಟಿದ.

"ಇಳಿಸ್ರೇ ಅವನ್ನ! ಹಣ್ಣು ಇವತ್ತೇ ಸಿಪ್ಪೆ ಬಿಡಿಸಿ ಪಲ್ಪಿಂಗ್ ಆಗ್ಬೇಕು, ಮೂಟೇಲಿ ಕೊಳೆಯುತ್ತೆ!" ಸಾವ್ಕಾರ ಕಿರುಚಿದ.

"ಕೊಳೀಲಿ ಬಿಡಿ. ಮೂಟೆಗೂ ಬೊಜ್ಜು ಬಂದೈತೆ, ಕರಗ್ಲಿ," ಎಂದ ದೇವೀರಮ್ಮ ತನ್ನ ಮೂಟೆಯ ಮೇಲೆ ಕೂತಳು. "ರೈಟ್ರೇ, ಬರ್ಕಳಿ. ಸಣ್ಣ ಸಾವ್ಕಾರ್ರು ಒಬ್ರು, ನಮ್ಮವು ಆರು. ಹಾಲು ಬರೋಗಂಟ ಮೂಟೆ ಬಿಚ್ಚಲ್ಲ."

ಉಳಿದವರೂ ಒಬ್ಬೊಬ್ಬರಾಗಿ ಕೂತರು. ಅವರ ಅಡಿಯ ಮೂಟೆಗಳಲ್ಲಿ ಹಣ್ಣು ಕೊಳೆಯುವ ಕಾವಿಗೆ ಬೆಚ್ಚಗಾಗತೊಡಗಿತು.