ಹಸಿರು ಬಳೆಯ ಪ್ರಯೋಗ

ಮುನಿಯಕ್ಕ ಬುಧವಾರ ಬೆಳಿಗ್ಗೆ ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು.

"ಮೇಡಮ್ಮೋರೆ, ನನ್ ಮಗ್ಳಿಗೆ ದಿನ ತುಂಬೈತೆ. ಬರೋ ವಾರ ಗುರ್ವಾರ್ದಿಂದ ನಾನ್ ಬರಾಕಿಲ್ಲ. ಬಾಣಂತನ ಮುಗ್ಸ್ಕೊಂಡೇ ಬರೋದು."

ಸಂತೋಷ ಎಂದೆ. ನನ್ನ ಮಗಳು ವಾರಿಜಾ ಆಗಲೇ ಅವಳ ಸೊಂಟ ಏರಿದ್ದಳು.

೧೯೮೧ರ ಏಪ್ರಿಲ್. ನಾನು ಜಯನಗರದ ಒಂದು ಮಹಿಳಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದೆ. ಬೇಸಿಗೆ ರಜೆ ಬಂದಿತ್ತು. ಅತ್ತೆ ನಾಗಲಕ್ಷ್ಮಮ್ಮನವರಿಗೆ ಮಂಡಿನೋವು, ಮಗುವನ್ನು ಎತ್ತಿಕೊಳ್ಳಲಾರರು. ಇನ್ನು ನೋಡಿಕೊಳ್ಳಬೇಕಾದವಳು ನಾನೇ. ತೊಡಕು ಒಂದೇ: ನಾನು ಎತ್ತಿಕೊಂಡರೆ ಮಗು ಅಳುತ್ತಿತ್ತು.

ಅದಕ್ಕೆ ಎರಡು ತಿಂಗಳಾಗಿದ್ದಾಗ ಅದರ ಅಪ್ಪ ತೀರಿಹೋದರು. ಅದೇ ವಾರ ನನ್ನ ಹಾಲು ನಿಂತಿತು. ಮಗುವನ್ನು ನೋಡಿಕೊಳ್ಳಲು ಮುನಿಯಕ್ಕ ಬಂದಳು, ನಾನು ಕಾಲೇಜಿಗೆ ಹೋದೆ. ನಡೆದದ್ದು ಅಷ್ಟೇ.

ಎಂಟು ದಿನ ಇತ್ತು. ಶಾಸ್ತ್ರ ನನಗೆ ಗೊತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಗಂಟೆ ಬಾರಿಸಿ ಬಾರಿಸಿ ಊಟ ಹಾಕಿದರೆ, ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಮಗುವಿಗೂ ಹಾಗೆಯೇ. ಹಾಲಿನ ಜೊತೆ ದಿನಾ ಬರುವ ಮುಖ, ದನಿ, ವಾಸನೆ ಎಲ್ಲವೂ ನಿಧಾನವಾಗಿ ಹಾಲಿನಷ್ಟೇ ಇಷ್ಟವಾಗುತ್ತವೆ. ಹಾಗಾದರೆ ಹಾಲು ನಾನು ಕುಡಿಸಿದರೆ ಆಯಿತು.

ಕುಡಿಸಿದೆ. ವಾರಿಜಾ ಒಳಲೆಯ ಪುಟ್ಟ ಮೂತಿಯಿಂದ ಹಾಲನ್ನು ಕೊನೆಯ ಹನಿಯವರೆಗೂ ಕುಡಿದಳು, ನನ್ನ ಸೆರಗಿಗೆ ಬಾಯಿ ಒರೆಸಿದಳು, ಬಾಗಿಲಲ್ಲಿ ನಿಂತಿದ್ದ ಮುನಿಯಕ್ಕನತ್ತ ಎರಡೂ ಕೈ ಚಾಚಿದಳು. ಹೋಟೆಲ್ ಮಾಣಿಗೆ ಸಿಗುವ ಮರ್ಯಾದೆಯೂ ನನಗೆ ಸಿಗಲಿಲ್ಲ. ಗುರುವಾರ, ಶುಕ್ರವಾರವೂ ಅದೇ.

ಶನಿವಾರ ಮುನಿಯಕ್ಕ ಅಡುಗೆಮನೆಯಲ್ಲಿ ಲೋಟದಿಂದ ಲೋಟಕ್ಕೆ ಹಾಲು ಆರಿಸುತ್ತಿದ್ದಳು. ನಡುಮನೆಯಲ್ಲಿ ಅಳುತ್ತಿದ್ದ ಮಗು ಥಟ್ಟನೆ ನಿಲ್ಲಿಸಿ ಬಾಯಿ ತೆರೆಯಿತು, ಕಾಲು ಬಡಿಯಿತು. ಹಾಲು ಇನ್ನೂ ಬಂದಿರಲಿಲ್ಲ. ಬಂದದ್ದು ಮುನಿಯಕ್ಕನ ಗಾಜಿನ ಬಳೆಗಳ ಸದ್ದು. ಗಂಟೆ ಸಿಕ್ಕಿತು ಎಂದು ನೋಟ್‌ಬುಕ್ ತೆಗೆದೆ. ಆದರೆ ಅದು ಬಳೆಯ ಸದ್ದೋ ಲೋಟದ ಸದ್ದೋ ಖಚಿತವಾಗಬೇಕಲ್ಲ?

"ಮುನಿಯಕ್ಕ, ಒಂದ್ ಹತ್ತು ನಿಮಿಷ ಬಳೆ ತೆಗೆದಿಡ್ತೀರಾ?"

ಅವಳ ಕೈ ಗಾಳಿಯಲ್ಲೇ ನಿಂತಿತು. "ಯಾಕೆ?"

"ಬಳೆ ಇಲ್ದಿದ್ರೆ ಮಗು ಏನ್ ಮಾಡುತ್ತೆ ನೋಡೋಣ ಅಂತ."

"ಏನ್ ಮೇಡಮ್ಮೋರೆ ನೀವು! ನನ್ ಗಂಡ ಯಲ್ಲಯ್ಯ ಕುಡುಕನೇ ಇರ್ಬೋದು. ಆದ್ರೂ ಬದುಕವ್ನೆ! ಹಾಡುಹಗಲು ಬೋಳು ಕೈ ಮಾಡ್ಕೊಂಡು ನಿಂತ್ಕೊಳ್ಳಾ?"

ಹೇಳಿಬಿಟ್ಟು ನನ್ನ ಕೈ ನೋಡಿ ನಾಲಿಗೆ ಕಚ್ಚಿಕೊಂಡಳು.

"ತಪ್ಪು ನಂದು," ಎಂದೆ. ನಿಜವಾಗಿಯೂ ನನ್ನದೇ. ಆರು ತಿಂಗಳಿಂದ ನನ್ನ ಬೋಳು ಕೈಗಳನ್ನು ನಾನು ನೋಡಿಯೇ ಇರಲಿಲ್ಲ.

ಮುನಿಯಕ್ಕ ಮಗುವನ್ನೆತ್ತಿಕೊಂಡು ಗೇಟಿನ ಹತ್ತಿರ ಹೋಗಿ ಕೂತಳು. ಕಾಫಿಯನ್ನೂ ಮುಟ್ಟಲಿಲ್ಲ.

ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಾ ಹೇಳಿದರು, "ಅವಳ ಬಳೆ ತೆಗೆಸೋ ಬದ್ಲು ನೀನೇ ಹಾಕ್ಕೋಬಾರ್ದೇನೇ?"

"ನಾನಾ? ಜನ ಏನಂತಾರೆ ಅತ್ತೆ?"

"ಯಾವ್ ಜನ? ಎದುರುಮನೆ ಗೌರಮ್ಮನಾ? ನಾವು ನಲ್ಲಿ ನೀರು ಹಿಡಿದ್ರೂ ಅವ್ಳಿಗೆ ಹೊಟ್ಟೆ ಉರಿ. ಇನ್ನೊಂಚೂರು ಉರ್ಕೊಳ್ಳಿ ಬಿಡು."

ಅತ್ತೆಯ ಕೈಗಳೂ ಇಪ್ಪತ್ತು ವರ್ಷದಿಂದ ಖಾಲಿ. ಅವರು ಸೊಪ್ಪಿನಿಂದ ತಲೆ ಎತ್ತಲಿಲ್ಲ.

ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋದೆ. ಬಳೆಯಂಗಡಿಯವನು ನನ್ನ ಬೆರಳ ಗೆಣ್ಣುಗಳನ್ನು ಒತ್ತಿ ಅಳತೆ ನೋಡಿ, ಒಂದೊಂದಾಗಿ ಹಸಿರು ಬಳೆ ಏರಿಸಿದ.

"ಯಾರ್ದಾದ್ರೂ ಮದ್ವೆನಾ ಅಕ್ಕ?"

"ಇಲ್ಲ. ಮಗುಗೆ ಹಾಲು ಕುಡಿಸೋಕೆ."

ಅವನು ತಲೆಯಾಡಿಸಿ, ಡಜನ್ ಮೇಲೆ ಒಂದು ಹೆಚ್ಚಿಗೆ ಹಾಕಿದ. ಬಸ್ಸಿನಲ್ಲಿ ಬನಶಂಕರಿಯ ನಮ್ಮ ಸ್ಟಾಪು ಬರುವವರೆಗೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಸೋಮವಾರ ಹಾಲು ಆರಿಸಿದ್ದು ನಾನು. ನಡುಮನೆಯಲ್ಲಿ ಅಳು ನಿಂತಿತು. ಒಳಲೆ ಹಿಡಿದು ಬಂದೆ. ತೆರೆದಿದ್ದ ಬಾಯಿ ನನ್ನ ಮುಖ ನೋಡಿ ಮುಚ್ಚಿಕೊಂಡಿತು. ಬಳೆ ಸರಿಯಾಗಿತ್ತು, ಆಳು ಬೇರೆಯಾಗಿತ್ತು.

ಶನಿವಾರದಿಂದ ಮಾತು ಬಿಟ್ಟಿದ್ದ ಮುನಿಯಕ್ಕ ಜೋರಾಗಿ ನಕ್ಕಳು. "ಮೇಡಮ್ಮೋರೆ, ಬಳೆ ಮಾತಾಡಿದ್ರೆ ಸಾಕಾ? ನೀವೂ ಮಾತಾಡ್ಬೇಕು. ಅದು 'ಆ' ಅಂದ್ರೆ ನೀವು 'ಏನೇ ಕಳ್ಳಿ' ಅನ್ಬೇಕು. ಗೋಡೆ ಜೊತೆ ಯಾವ್ ಕೂಸು ಆಟ ಆಡ್ತದೆ?"

ಪಠ್ಯದಲ್ಲಿ ಅದು ಮುಂದಿನ ಅಧ್ಯಾಯ. ಉತ್ತರ ಸಿಕ್ಕ ಕೆಲಸವನ್ನು ಮಗು ಮತ್ತೆ ಮಾಡುತ್ತದೆ, ಸಿಗದಿದ್ದರೆ ಬಿಟ್ಟುಬಿಡುತ್ತದೆ. ವಾರಿಜಾ ನನ್ನನ್ನು ನೋಡಿ ನಗುವುದನ್ನು ಯಾವಾಗ ಬಿಟ್ಟಳೋ ನನಗೆ ನೆನಪಿಲ್ಲ.

"ಆ," ಎಂದಳು ವಾರಿಜಾ.

"ಏನೇ ಕಳ್ಳಿ," ಎಂದೆ, ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಮುನಿಯಕ್ಕ ಗೋಡೆ ಹಿಡಿದು ನಕ್ಕಳು. ಮಗು ಯೋಚಿಸಿ ಮತ್ತೆ "ಆ" ಎಂದಿತು. ಮಂಗಳವಾರ ನನ್ನ ಮಡಿಲಲ್ಲಿ ಐದು ನಿಮಿಷ ಕೂತಿತು, ಬುಧವಾರ ಹದಿನೈದು.

ಬುಧವಾರ ಸಂಜೆ ಮುನಿಯಕ್ಕ ಗಂಟು ಹಿಡಿದು ಹೊರಟಳು. ಬಸ್‌ಸ್ಟಾಪಿನವರೆಗೂ ಮಗು ಅವಳ ಸೊಂಟದ ಮೇಲೆಯೇ ಇತ್ತು. ಉತ್ತರಹಳ್ಳಿ ಬಸ್ಸು ಬಂದಾಗ ನನ್ನ ಕೈಗೆ ಕೊಟ್ಟಳು.

"ಅಳುತ್ತೆ. ಅಳ್ಳಿ ಬಿಡಿ," ಎಂದು ತಾನೇ ಕಣ್ಣೊರೆಸಿಕೊಂಡು ಹತ್ತಿದಳು.

ಮಗು ಬಸ್ಸಿನತ್ತ ಬಾಗಿ ಕಿರುಚಿತು. ಬಸ್ಸು ಮರೆಯಾಯಿತು. ಬಳೆ ಅಲ್ಲಾಡಿಸಿದೆ, ಕೇಳಲಿಲ್ಲ. ಏನೇ ಕಳ್ಳಿ ಎಂದೆ, ಇನ್ನೂ ಜೋರಾಯಿತು. ನನಗೆ ಗೊತ್ತಿದ್ದ ಶಾಸ್ತ್ರ ಅಲ್ಲಿಗೆ ಮುಗಿಯಿತು. ಸುಮ್ಮನೆ ಹೆಗಲಿಗೆ ಹಾಕಿಕೊಂಡು ಮನೆಯತ್ತ ನಡೆಯತೊಡಗಿದೆ. ಕಿರುಚಿ ಸಾಕಾಗಿ ವಾರಿಜಾ ನನ್ನ ಹೆಗಲನ್ನು ಕಚ್ಚಿದಳು. ಹೊಸದಾಗಿ ಬಂದ ಎರಡು ಹಲ್ಲು.

"ಅಯ್ಯೋ!"

ಅದು ಅಷ್ಟು ಜೋರಾಗಿ ಬಂದೀತೆಂದು ನನಗೂ ಗೊತ್ತಿರಲಿಲ್ಲ. ರಸ್ತೆಯಲ್ಲಿದ್ದವರು ತಿರುಗಿ ನೋಡಿದರು. ಬಹಳ ನೋವಾಗಿತ್ತು.

ಮಗು ಅಳು ನಿಲ್ಲಿಸಿ ತಲೆಯೆತ್ತಿತು. ನನ್ನ ಮುಖವನ್ನು ಹೊಸದಾಗಿ ಕಂಡಂತೆ ನೋಡಿತು. ಸಿಂಬಳ ಸುರಿಸಿಕೊಂಡೇ ನಕ್ಕಿತು. ಮತ್ತೆ ಕಚ್ಚಿತು.

"ಅಯ್ಯೋ!"

ಮತ್ತೆ ನಗು. ದಾರಿಯುದ್ದಕ್ಕೂ ಅದೇ ನಡೆಯಿತು. ಮನೆ ಹತ್ತಿರ ಬರುವ ಹೊತ್ತಿಗೆ ವಾರಿಜಾ ಬಾಯಿ ತೆರೆದರೆ ಸಾಕು, ಹಲ್ಲು ತಾಗುವ ಮೊದಲೇ ನಾನು ಅಯ್ಯೋ ಅನ್ನುತ್ತಿದ್ದೆ.