ಮರಿಲಿಂಗಮ್ಮ ಹಿಡಿದಿಟ್ಟ ಮೊದಲ ಮಳೆ

ಮೊದಲ ಮಳೆ ಬಂತೆಂದರೆ ಬೇರೆ ಊರಿನವರು ಮನೆಯೊಳಗೆ ಓಡುತ್ತಾರೆ. ಮರಿಲಿಂಗಮ್ಮನ ಓಣಿಯ ಹೆಂಗಸರು ಗಡಿಗೆ ಹಿಡಿದು ಹೊರಗೆ ಓಡುತ್ತಿದ್ದರು. ಮಣ್ಣಿನ ಮಾಳಿಗೆಯಿಂದ ಇಳಿಯುವ ಆ ನೀರನ್ನು ಹೊಸ ಗಡಿಗೆಯಲ್ಲಿ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ದೇವರ ಜಗಲಿಯ ಕೆಳಗೆ ಇಡುವುದು ಅಲ್ಲಿಯ ಪದ್ಧತಿ. ವರ್ಷವಿಡೀ ಯಾರ ಕಣ್ಣು ಉರಿದರೂ ಅದೇ ಮದ್ದು. ಆ ಗಡಿಗೆ ಇಲ್ಲದ ಮನೆ ಮನೆಯೇ ಅಲ್ಲ ಎನ್ನುವಷ್ಟು ನಂಬಿಕೆ.

ಇದು ನಿಜಾಮನ ಆಳಿಕೆ ಹೋಗಿ ನಾಲ್ಕನೇ ಮಳೆಗಾಲದ ಮಾತು. ಶಹಾಪುರದ ಕಡೆ ಹೊಸ ಶಾಲೆ, ಹೊಸ ಕಚೇರಿ ಏಳುತ್ತಿದ್ದವು. ಕಟ್ಟುವುದಕ್ಕೆ ಸುಣ್ಣ ಬೇಕಲ್ಲ? ಗೋಗಿಗೆ ಹೋಗುವ ದಾರಿಯಲ್ಲಿದ್ದ ಈ ಓಣಿಯ ಪಡುವಣ ದಿಕ್ಕಿಗೆ ಸುಣ್ಣದ ಕಲ್ಲಿನ ಖಣಿ ಬಿತ್ತು. ಅದರ ಮಗ್ಗುಲಲ್ಲೇ ಕಲ್ಲು ಸುಡುವ ಭಟ್ಟಿ ಎದ್ದಿತು. ಮರಿಲಿಂಗಮ್ಮನ ಮಗ ಅಮರಪ್ಪನಿಗೆ ಅಲ್ಲಿ ಕಲ್ಲು ಒಡೆಯುವ ಕೆಲಸ ಸಿಕ್ಕಿತು. ಒಣಹಾಕಿದ ಸೀರೆಯ ಮೇಲೆ ಬಿಳಿ ಪುಡಿ ಕೂತರೆ ಮರಿಲಿಂಗಮ್ಮ ಕೊಡವಿ ಸುಮ್ಮನಾಗುತ್ತಿದ್ದಳು. ಅನ್ನ ಕೊಡುವ ಧೂಳನ್ನು ಬೈಯುವುದು ಹೇಗೆ?

ಅದೇ ವರ್ಷ ಅವಳಿಗೆ ಮೊಮ್ಮಗ ಹುಟ್ಟಿದ. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು. ಸೊಸೆ ದೇವಕಮ್ಮನಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನವೆಲ್ಲ ಅತ್ತೆಯದೇ. ಹತ್ತನೇ ದಿನ ಕೂಸಿನ ಕಣ್ಣು ಕೆಂಪಾಗಿ, ನೀರು ಸೋರಿ, ರೆಪ್ಪೆ ಅಂಟಿಕೊಂಡವು. ಆದರೆ ಮದ್ದು ಮನೆಯಲ್ಲೇ ಇತ್ತಲ್ಲ! ನಾಲ್ಕು ದಿನದ ಹಿಂದಷ್ಟೇ ಮೊದಲ ಮಳೆ ಬಿದ್ದಿತ್ತು. ಗಡಿಗೆಯ ಬಟ್ಟೆ ಬಿಚ್ಚಿ, ಬಟ್ಟಲು ತುಂಬಿಕೊಂಡು, ಕೂಸನ್ನು ಕಾಲ ಮೇಲೆ ಹಾಕಿಕೊಂಡಳು.

ಅಷ್ಟರಲ್ಲಿ ಖಾಜಾಬೀ ಬಾಗಿಲಿಗೆ ಬಂದಳು. ಕೂಸಿನ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳೇ. ಯಾದಗಿರಿಯ ದವಾಖಾನೆಯಲ್ಲಿ ಮೂರು ತಿಂಗಳು ಇದ್ದು ಕೆಲಸ ಕಲಿತವಳು. ಮರಿಲಿಂಗಮ್ಮನಿಗೂ ಅವಳಿಗೂ ಸಣ್ಣಂದಿನಿಂದ ಸಲಿಗೆ. ದಿನಕ್ಕೊಂದು ಜಗಳ ಆಡದಿದ್ದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ.

"ಅಕ್ಕಾ, ನಿಂದ್ರು! ಬಟ್ಟಲದಾಗ ಏನದ?"

"ಮೊದಲ ಮಳಿ ನೀರು. ಯಾಕ, ಕಣ್ಣಿಗೆ ಕಾಣವಲ್ದೇನು?"

"ಅದನ್ನ ಕೂಸಿನ ಕಣ್ಣಿಗೆ ಹಾಕಬ್ಯಾಡ. ಕಣ್ಣು ಸುಡ್ತದ."

ಮರಿಲಿಂಗಮ್ಮನ ಸಿಟ್ಟು ನೆತ್ತಿಗೇರಿತು. "ನೀರು ಸುಡ್ತದಂತ, ನೀರು! ನಮ್ಮವ್ವ ನನ್ನ ಕಣ್ಣು ಇದರಾಗೇ ತೊಳದಾಳ. ನಾ ಏನ್ ಕುರುಡಿ ಆಗೀನೇನು? ಮೂರು ತಿಂಗಳು ದವಾಖಾನಿ ಕಸ ಹೊಡದ ಬಂದು ನನಗ ಕಲಸ್ತಿ?"

ಖಾಜಾಬೀ ನಕ್ಕಳು. ಆದರೆ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ. "ನಿಮ್ಮವ್ವನ ಕಾಲಕ್ಕ ಈ ಭಟ್ಟಿ ಇತ್ತೇನಕ್ಕಾ?"

"ಇರಲಿಲ್ಲ. ಅದಕ್ಕೇನೀಗ? ನೀರು ನೋಡು, ಕನ್ನಡಿ ಹಾಂಗದ."

"ಕಣ್ಣಿಗೆ ಛಲೋ ಕಾಣ್ತದ, ಖರೆ. ಆರತಿ ನೀರು ಹ್ಯಾಂಗ ಕೆಂಪ ಆಗ್ತದ, ಹೇಳು?"

"ಅದೇನ್ ಕೇಳ್ತಿ? ಅರಿಶಿಣದಾಗ ಚೂರು ಸುಣ್ಣ ಹಾಕಿದ್ರ ಆತು."

"ಹಂಗಾರ ನೋಡು," ಎಂದು ಖಾಜಾಬೀ ಬಾಣಂತಿಯ ಅರಿಶಿಣವನ್ನೇ ತೆಗೆದುಕೊಂಡು ಒಂದು ಬಿಳಿ ಚಿಂದಿಗೆ ಹಚ್ಚಿ ಎರಡು ತುಂಡು ಮಾಡಿದಳು. ಒಂದನ್ನು ಬಾವಿಯ ನೀರಿನಲ್ಲಿ ಅದ್ದಿದಳು. ಅದು ಹಳದಿಯಾಗಿಯೇ ಉಳಿಯಿತು. ಇನ್ನೊಂದನ್ನು ಮೊದಲ ಮಳೆಯ ಬಟ್ಟಲಿಗೆ ಹಾಕಿದಳು. ನೋಡುನೋಡುತ್ತ ಚಿಂದಿ ಕೆಂಪಗಾಯಿತು.

ಮರಿಲಿಂಗಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಜೀವಮಾನದಲ್ಲಿ ನೂರಾರು ಆರತಿ ಕಲೆಸಿದ ಕೈ ಅದು. ಆ ಬಣ್ಣ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇದರಾಗ ಸುಣ್ಣ ಯಾರು ಹಾಕ್ಯಾರ?"

"ಗಾಳಿ ಹಾಕ್ಯಾದ," ಎಂದಳು ಖಾಜಾಬೀ. "ಬ್ಯಾಸಗಿ ತುಂಬ ಭಟ್ಟಿ ಪುಡಿ ಹಾರಿ ನಿನ್ನ ಮಾಳಿಗಿ ಮ್ಯಾಲ ಕುಂತದ. ಮುಗಿಲಾಗೂ ಅದ. ಮೊದಲ ಮಳಿ ಎಲ್ಲಾ ತೊಳಕೊಂಡು ಬಂದು ನಿನ್ನ ಗಡಿಗ್ಯಾಗ ಇಳಿಸ್ಯಾದ. ಪುಡಿ ತಳಕ್ಕ ಕುಂತು ನೀರು ತಿಳಿ ಆದ್ರೂ ಅದರ ಖಾರ ಹೋಗಂಗಿಲ್ಲ. ಮೊನ್ನಿ ನಾನೂ ತಿಳೀಲಾರದ ಅರಿಶಿಣದ ಅರಿವಿ ಆ ನೀರಾಗ ನೆನಿಹಾಕಿ, ಕೆಂಪಾಗಿದ್ದು ನೋಡಿ ಹೆದರಿ ಡಾಕ್ಟರ್ ಹತ್ರ ಓಡಿದ್ದೆ. ಅವರೇ ಹೇಳಿದ್ರು."

"ಮತ್ತ ಕೂಸಿನ ಕಣ್ಣು?"

"ಬಾವಿ ನೀರು ಕುದಿಸಿ ಆರಿಸಿ, ಹಸನ ಅರಿವಿಯಿಂದ ಒರಸು. ಈಗೇ ಬಂಡಿ ಹೂಡಸು, ಶಹಾಪುರ ದವಾಖಾನಿಗೆ ಹೋಗೂಣು. ನಾನೂ ಬರ್ತೀನಿ. ಸಣ್ಣ ಕೂಸಿನ ಕಣ್ಣು, ನಾಳಿಗೆ ಅಂತ ಬಿಡಬಾರದು."

ಆಗ ತಾನೇ ಕೆಲಸದಿಂದ ಬಂದ ಅಮರಪ್ಪ, ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ.

"ಮುಟ್ಟಬ್ಯಾಡಪ್ಪ!" ಎಂದಳು ಖಾಜಾಬೀ. "ಮೊದಲು ಜಳಕ ಮಾಡು. ದಿನಾ ನಿನ್ನ ಅಂಗಿ ಪುಡಿ ಕೂಸಿನ ಕಣ್ಣಾಗ, ಮೂಗಿನಾಗ ಹೋಗಾಕತ್ತದ."

ಅಮರಪ್ಪನ ಮುಖ ಬಾಡಿತು. "ಹಂಗಾದ್ರ ಕೆಲಸ ಬಿಡ್ಲೇನವ್ವಾ? ರೊಟ್ಟಿ ಎಲ್ಲಿಂದ ತರ್ಲಿ?"

"ಬಿಡು ಅಂತ ಯಾರ್ ಅಂದ್ರು?" ಎಂದಳು ಖಾಜಾಬೀ. "ಕಲ್ಲಿಗೆ ನೀರು ಚಿಮುಕಿಸಿ ಒಡಿರಿ. ಸುಟ್ಟ ಸುಣ್ಣಕ್ಕ ಮಾತ್ರ ನೀರು ಹಾಕಬ್ಯಾಡ್ರಿ, ಸಿಡೀತದ. ಮೂಗಿಗೆ ಅರಿವಿ ಕಟ್ಟು. ಅದರಿಂದ ಪೂರಾ ನಿಲ್ಲಂಗಿಲ್ಲ, ಆದ್ರ ಕಡಿಮಿ ಆಗ್ತದ. ಮಾಲಕನ್ನ ಹತ್ತು ಮಂದಿ ಕೂಡಿ ಕೇಳ್ರಿ."

ದವಾಖಾನೆಯಲ್ಲಿ ಡಾಕ್ಟರರು ಕಣ್ಣು ನೋಡಿ ಔಷಧಿ ಕೊಟ್ಟರು. "ಆ ನೀರು ಹಾಕಿದ್ದರೆ ಕಷ್ಟವಿತ್ತು," ಎಂದರು. ಬಂಡಿಯಲ್ಲಿ ತಿರುಗಿ ಬರುವಾಗ ಮರಿಲಿಂಗಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಊರು ಹತ್ತಿರ ಬಂದಾಗ ಖಾಜಾಬೀಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಮರುದಿನ ಅವಳೇ ಅರಿಶಿಣದ ಚಿಂದಿ ಹಿಡಿದು ಮನೆಮನೆಗೆ ಹೊರಟಳು. ಹೊಸದಾಗಿ ಕಲಿತವರಿಗಿರುವ ಉಮೇದು ಕೇಳಬೇಕೆ? ಸಂಜೆಯೊಳಗೆ ಓಣಿಯ ಗಡಿಗೆಗಳೆಲ್ಲ ಬರಿದಾದವು. ಮಾಲಕ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಮರಪ್ಪ ಮತ್ತು ಅವನ ಜೊತೆಯವರು ಮೂರು ಸಲ ಹೋದ ಮೇಲೆ ಕಲ್ಲಿಗೂ ಬಂಡಿದಾರಿಗೂ ನೀರು ಹೊಡೆಸಲು ಒಪ್ಪಿದ. ಭಟ್ಟಿಯ ಹೊಗೆಗೆ ಏನೂ ಮಾಡಲಿಲ್ಲ. ಆದರೂ ಸೀರೆಯ ಮೇಲಿನ ಪುಡಿ ಅರ್ಧಕ್ಕಿಳಿಯಿತು.

ಕೂಸಿನ ಕಣ್ಣು ತಿಳಿಯಾಗಿ, ದೀಪ ಕಂಡತ್ತ ಹೊರಳತೊಡಗಿದ ಮೇಲೆ ತೊಟ್ಟಿಲ ಕಾರ್ಯ ಮಾಡಿದರು. ಹೆಸರು ಏನೆಂದು ಮರಿಲಿಂಗಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕೂಸಿನ ಕಿವಿಯಲ್ಲಿ ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಳು: "ಖಾಜಪ್ಪ!"

ಖಾಜಾಬೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಿನಗ ಹುಚ್ಚು ಹಿಡದದ ಅಕ್ಕಾ," ಎಂದಳು. ಆ ದಿನ ಮಾತ್ರ ಇಬ್ಬರೂ ಜಗಳ ಆಡಲಿಲ್ಲ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಊರ ಮಗ್ಗುಲಲ್ಲೂ ಖಣಿಯೋ, ಕಲ್ಲು ಪುಡಿ ಮಾಡುವ ಯಂತ್ರವೋ, ಭಟ್ಟಿಯೋ ಇರಬಹುದು. ಮಳೆಗಾಲದ ಮೊದಲು ಮಾಳಿಗೆ ಗುಡಿಸಿ. ಮೊದಲ ಎರಡು ಮೂರು ಮಳೆಯ ನೀರನ್ನು ಹರಿಯಬಿಡಿ, ಆಮೇಲೆ ಹಿಡಿಯಿರಿ. ಕುಡಿಯುವ ನೀರು ಮುಚ್ಚಿಡಿ. ಅರಿಶಿಣ ಸುಣ್ಣವನ್ನಷ್ಟೇ ತೋರಿಸುತ್ತದೆ. ಹೊಗೆಯಿಂದ ನೀರು ಹುಳಿಯಾದರೆ, ಬೇರೆ ವಿಷ ಬೆರೆತರೆ ಅದಕ್ಕೆ ತಿಳಿಯದು. ಆದ್ದರಿಂದ ನೀರನ್ನು ಸರ್ಕಾರದವರಿಂದ ಪರೀಕ್ಷೆ ಮಾಡಿಸಿ. ಧೂಳು ತಗ್ಗಿಸಿ ಎಂದು ಹತ್ತು ಜನ ಕೂಡಿ ಕೇಳಿ, ಒಮ್ಮೆ ಆಗದಿದ್ದರೆ ಮೂರು ಸಲ ಕೇಳಿ. ಕಣ್ಣು ಉರಿದರೆ, ಕೆಮ್ಮು ಬಿಡದಿದ್ದರೆ ದವಾಖಾನೆಗೆ ಹೋಗಿ. ನಿಮ್ಮ ಓಣಿಯಲ್ಲೂ ಒಬ್ಬ ಖಾಜಾಬೀ ಇದ್ದಾಳೆ. ಅವಳ ಜೊತೆ ಜಗಳ ಬೇಕಾದಷ್ಟು ಆಡಿ, ಆದರೆ ಅವಳ ಮಾತು ಕೇಳದೆ ಕೂಸಿನ ಕಣ್ಣಿಗೆ ಒಂದು ಹನಿಯನ್ನೂ ಹಾಕಬೇಡಿ.